ಹಾರ್ಟ್ ಗೋಡೆ ದಪ್ಪ ಆಗಿದ್ದು ಯಾಕೆ? ಜೀನ್‌ನಲ್ಲಿ ಒಂದೇ ಅಕ್ಷರ ಬದಲಾದ ಎರಡು ಕುಟುಂಬಗಳ ಪ್ರಕರಣ

ಎರಡು ಕುಟುಂಬಗಳು, ಒಟ್ಟು 70 ಜನ. ಅವರಲ್ಲಿ 31 ಜನಕ್ಕೆ ಹಾರ್ಟ್‌ನಲ್ಲಿ ಒಂದೇ ಥರದ ತೊಂದರೆ. ಒಂದು ಕುಟುಂಬದಲ್ಲಿ 23 ಜನ, ಇನ್ನೊಂದರಲ್ಲಿ 8 ಜನ. ಅವರಲ್ಲಿ ಕೆಲವರಿಗೆ ಎಕೋ ಮಾಡಿದರೆ ಹಾರ್ಟ್‌ನ ಗೋಡೆ ದಪ್ಪ. ಇಸಿಜಿ ತೆಗೆದರೆ ಗೆರೆಯ ಆಕಾರವೇ ಬೇರೆ. ಕರೆಂಟ್ ಹರಿಯುವ ದಾರಿಯಲ್ಲೂ ಅಡ್ಡಿ. ಈ ಕುಟುಂಬಗಳ ಹೆಚ್ಚಿನವರನ್ನು ಕೂರಿಸಿ ಒಬ್ಬೊಬ್ಬರ ಇಸಿಜಿ, ಎಕೋ, ರಕ್ತ ಎಲ್ಲ ತೆಗೆದುಕೊಂಡು ನೋಡಿದವರು ಅಮೆರಿಕದ ಹ್ಯೂಸ್ಟನ್‌ನ ಬೇಲರ್ ಕಾಲೇಜಿನ ಮೈಕಲ್ ಗೊಲ್ಲಬ್, ರಾಬರ್ಟ್ ರಾಬರ್ಟ್ಸ್ ಮತ್ತು ಅವರ ಜೊತೆಗಾರರು. 2001ರಲ್ಲಿ ಅವರ ಲೇಖನ ಬಂತು. ಅಲ್ಲಿಂದ ಮುಂದೆ ಸುಮಾರು ಹದಿನೈದು ವರ್ಷ ಈ ಒಂದು ಕಾಯಿಲೆಯ ಹಿಂದೆ ಬೇರೆ ಬೇರೆ ಲ್ಯಾಬುಗಳು ಬಿದ್ದವು. ಹಾರ್ಟ್ ತನ್ನ ಇಂಧನವನ್ನು ಹೇಗೆ ಲೆಕ್ಕ ಇಡುತ್ತದೆ ಅನ್ನುವುದನ್ನು ಜೀನ್ ತಂತ್ರಗಳಿಂದ ಹೇಗೆ ಬಿಡಿಸಿದರು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದೇ ಪ್ರಕರಣ.

ಮೊದಲು ಆ ಇಸಿಜಿ ಹತ್ತಿರದಿಂದ ನೋಡೋಣ, ಯಾಕಂದರೆ ಎಲ್ಲ ಶುರುವಾಗುವುದು ಅಲ್ಲಿಂದಲೇ. ಗುಲಾಬಿ ಚೌಕಗಳ ಕಾಗದ. ಒಂದೊಂದು ಸಣ್ಣ ಚೌಕ ಅಂದರೆ ಸೆಕೆಂಡಿನ ನೂರರಲ್ಲಿ 4 ಪಾಲು. ಮೊದಲು ಒಂದು ಸಣ್ಣ ಗುಡ್ಡೆ, ಅದು ಮೇಲಿನ ಕೋಣೆಗಳು ಹಿಂಡಿದ ಗುರುತು. ಆಮೇಲೆ ಒಂದು ಚಪ್ಪಟೆ ಗೆರೆ. ಆಮೇಲೆ ಚೂಪಾದ ಶಿಖರ, ಅದು ಕೆಳಗಿನ ಕೋಣೆಗಳದ್ದು. ಗುಡ್ಡೆ ಶುರುವಾದಲ್ಲಿಂದ ಶಿಖರ ಶುರುವಾಗುವವರೆಗೆ ಸಾಮಾನ್ಯವಾಗಿ ಮೂರರಿಂದ ಐದು ಚೌಕ. ಈ ಕುಟುಂಬದವರಲ್ಲಿ ಆ ಅಂತರ ಕುಗ್ಗಿದೆ. ಚಪ್ಪಟೆ ಗೆರೆ ಇರಬೇಕಾದ ಜಾಗದಲ್ಲಿ ಶಿಖರದ ಬುಡ ಇಳಿಜಾರಿನ ಹಾಗೆ ಎಡಕ್ಕೆ ಎಳೆದುಕೊಂಡಿದೆ. ಕಡಿದಾದ ಗೋಡೆಗೆ ಮಣ್ಣು ಜರಿದು ಆತುಕೊಂಡ ಹಾಗೆ. ಇದಕ್ಕೆ ಡೆಲ್ಟಾ ಅಲೆ ಅಂತ ಹೆಸರು. ಕರೆಂಟ್ ಬರಬೇಕಾದ ಬಾಗಿಲಿನಿಂದಲ್ಲದೆ ಬೇರೆಲ್ಲೋ ಮೊದಲೇ ನುಗ್ಗಿ ಕೆಳಗೆ ಬಂದುಬಿಟ್ಟಿದೆ ಅನ್ನುವುದಕ್ಕೆ ಸಾಕ್ಷಿ ಅದು. 1930ರಲ್ಲಿ ವುಲ್ಫ್, ಪಾರ್ಕಿನ್‌ಸನ್, ವೈಟ್ ಅನ್ನುವ ಮೂವರು ವೈದ್ಯರು ಇದನ್ನು ವಿವರಿಸಿದರು. ಅವರ ಹೆಸರಿನಿಂದಲೇ ಇವತ್ತಿಗೂ ಡಬ್ಲ್ಯುಪಿಡಬ್ಲ್ಯು ಅಂತ ಕರೆಯುತ್ತಾರೆ.

ಸಾಮಾನ್ಯವಾಗಿ ಡಬ್ಲ್ಯುಪಿಡಬ್ಲ್ಯು ಮನೆತನದಲ್ಲಿ ಹರಿಯುವ ಕಾಯಿಲೆ ಅಲ್ಲ. ಹುಟ್ಟುವಾಗಲೇ ಹಾರ್ಟ್‌ನಲ್ಲಿ ಒಂದು ಸಣ್ಣ ಸ್ನಾಯುವಿನ ಎಳೆ ಉಳಿದುಬಿಟ್ಟಿರುತ್ತದೆ, ಅದನ್ನು ಸುಟ್ಟರೆ ಮುಗಿಯಿತು. ಆದರೆ ಈ ಕುಟುಂಬಗಳಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಇಳಿದಿತ್ತು, ಅದೂ ಗೋಡೆ ದಪ್ಪ ಆಗುವುದನ್ನು ಜೊತೆಗಿಟ್ಟುಕೊಂಡು. ಗೋಡೆ ದಪ್ಪ ಆಗುವುದಕ್ಕೆ ಆಗಲೇ ಒಂದು ಹೆಸರಿತ್ತು: ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಚಿಕ್ಕದಾಗಿ ಎಚ್‌ಸಿಎಂ. ಅದರ ಮೊದಲ ಜೀನ್ ಸಿಕ್ಕಿದ್ದು 1990ರಲ್ಲಿ, ಸ್ನಾಯು ಹಿಂಡುವುದಕ್ಕೆ ಬೇಕಾದ ಮಯೋಸಿನ್ ಪ್ರೋಟೀನ್‌ನದ್ದು. ಆಮೇಲೆ ಒಂದಾದ ಮೇಲೊಂದು ಸಿಕ್ಕ ಜೀನ್‌ಗಳೂ ಸ್ನಾಯುವಿನ ಎಳೆಗಳದ್ದೇ. ಹಾಗಾಗಿ ಈ ಕುಟುಂಬಗಳಲ್ಲೂ ಅಂಥದ್ದೇ ಇನ್ನೊಂದು ಸ್ನಾಯುವಿನ ಜೀನ್ ಇರುತ್ತದೆ ಅಂತ ಅಂದುಕೊಳ್ಳುವುದು ಸಹಜ ಅಲ್ವಾ?

ಜೀನ್ ಎಲ್ಲಿದೆ ಅಂತ ಹುಡುಕಿದ ದಾರಿ ಹೀಗೆ. ಮನುಷ್ಯರ ಡಿಎನ್‌ಎಯಲ್ಲಿ ಅಲ್ಲಲ್ಲಿ ಜನರಿಂದ ಜನರಿಗೆ ಬದಲಾಗುವ ಗುರುತುಗಳಿವೆ, ರಸ್ತೆ ಪಕ್ಕದ ಮೈಲಿಗಲ್ಲುಗಳ ಹಾಗೆ. ಕಾಯಿಲೆ ಇರುವವರೆಲ್ಲ ಯಾವ ಮೈಲಿಗಲ್ಲನ್ನು ಒಟ್ಟಿಗೆ ಪಡೆದಿದ್ದಾರೆ, ಇಲ್ಲದವರಲ್ಲಿ ಅದು ಇಲ್ಲವೇ ಅಂತ ನೋಡುತ್ತಾ ಹೋದರೆ ಜಾಗ ಸಿಗುತ್ತದೆ. 1995ರಲ್ಲೇ ಬೇರೊಂದು ಗುಂಪು ಇಂಥದ್ದೇ ಕುಟುಂಬವನ್ನು ನೋಡಿ 7ನೇ ಕ್ರೋಮೋಸೋಮಿನ ಉದ್ದನೆ ತೋಳಿನ ಕೊನೆಯ ಭಾಗದತ್ತ ಬೊಟ್ಟು ಮಾಡಿತ್ತು. ಹ್ಯೂಸ್ಟನ್‌ನವರ ಎರಡೂ ಕುಟುಂಬಗಳೂ ಅಲ್ಲಿಗೇ ಬಂದು ನಿಂತವು. ಈ ಲೆಕ್ಕಕ್ಕೆ ಲಾಡ್ ಸ್ಕೋರ್ ಅಂತ ಒಂದು ಅಂಕ ಇದೆ. 3 ಬಂದರೆ ಸಾಕು, ಕಾಕತಾಳೀಯ ಅಲ್ಲ ಅನ್ನುವುದಕ್ಕೆ ಸಾವಿರಕ್ಕೆ ಒಂದರ ಪಂದ್ಯ. ಇಲ್ಲಿ ಬಂದಿದ್ದು 9.82, ಅಂದರೆ 600 ಕೋಟಿಗೂ ಜಾಸ್ತಿಗೆ ಒಂದರ ಪಂದ್ಯ. ಜಾಗದ ಬಗ್ಗೆ ಅನುಮಾನವೇ ಉಳಿಯಲಿಲ್ಲ. ಆ ಜಾಗದಲ್ಲಿದ್ದ ಜೀನ್‌ಗಳನ್ನು ಒಂದೊಂದಾಗಿ ಓದಿದಾಗ ಸಿಕ್ಕಿದ್ದು ಪಿಆರ್‌ಕೆಎಜಿ2 ಅನ್ನುವ ಜೀನ್. 31 ಜನರ ಇಷ್ಟೆಲ್ಲ ಕಷ್ಟಕ್ಕೆ ಕಾರಣ ಅದರಲ್ಲಿ ಬದಲಾಗಿದ್ದ ಒಂದೇ ಅಕ್ಷರ: 905ನೇ ಜಾಗದಲ್ಲಿ ಜಿ ಇರಬೇಕಿತ್ತು, ಎ ಇತ್ತು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಸರ. ಆ ಒಂದು ಅಕ್ಷರದಿಂದ ಸರದ 302ನೇ ಮಣಿ ಆರ್ಜಿನಿನ್ ಹೋಗಿ ಗ್ಲುಟಮಿನ್ ಆಯಿತು.

ಈ ಜೀನ್‌ಗೂ ಸ್ನಾಯು ಹಿಂಡುವ ಕೆಲಸಕ್ಕೂ ನೇರ ಸಂಬಂಧ ಇಲ್ಲ. ಇಲ್ಲೇ ಎಲ್ಲರಿಗೂ ಆಶ್ಚರ್ಯ ಆಗಿದ್ದು. ಪಿಆರ್‌ಕೆಎಜಿ2 ತಯಾರಿಸುವುದು ಎಎಂಪಿಕೆ ಅನ್ನುವ ಕಿಣ್ವದ ಮೂರು ಭಾಗಗಳಲ್ಲಿ ಒಂದನ್ನು, ಗಾಮಾ ಭಾಗವನ್ನು. ಎಎಂಪಿಕೆಯ ಕೆಲಸ ಜೀವಕೋಶದಲ್ಲಿ ಶಕ್ತಿ ಎಷ್ಟು ಉಳಿದಿದೆ ಅಂತ ನೋಡುತ್ತಾ ಇರುವುದು.

ಅದರ ಮಹತ್ವ ಗೊತ್ತಾಗಬೇಕಾದರೆ ಹಾರ್ಟ್‌ನ ಖರ್ಚು ಎಷ್ಟು ಅಂತ ಗೊತ್ತಿರಬೇಕು. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಪ್ರತಿ ಬಡಿತಕ್ಕೂ ಎಟಿಪಿ ಬೇಕು, ಅಂದರೆ ಕೋಶ ಶಕ್ತಿಗಾಗಿ ಖರ್ಚು ಮಾಡುವ ರಾಸಾಯನಿಕ. ಒಂದು ದಿನದಲ್ಲಿ ಹಾರ್ಟ್ ತಯಾರಿಸಿ ಖರ್ಚು ಮಾಡುವ ಎಟಿಪಿಯ ತೂಕ ಸುಮಾರು 6 ಕೆಜಿ ಅಂತ ಲೆಕ್ಕ ಹಾಕಿದ್ದಾರೆ. ಹಾರ್ಟ್‌ನ ತೂಕವೇ ಕಾಲು ಕೆಜಿಯ ಆಸುಪಾಸು! ಕೂಡಿಟ್ಟ ಎಟಿಪಿ ಕೆಲವೇ ಸೆಕೆಂಡಿಗೆ ಮುಗಿಯುವಷ್ಟು ಮಾತ್ರ. ಆದ್ದರಿಂದ ಪ್ರತಿ ಕ್ಷಣವೂ ಹೊಸದಾಗಿ ಮಾಡುತ್ತಲೇ ಇರಬೇಕು. ಬಹುಪಾಲು ಕೊಬ್ಬಿನಿಂದ, ಉಳಿದದ್ದು ಸಕ್ಕರೆ, ಲ್ಯಾಕ್ಟೇಟ್ ಇತ್ಯಾದಿಗಳಿಂದ.

ಮನೆ ನಡೆಸುವ ಅಮ್ಮನನ್ನು ನೆನಪಿಸಿಕೊಳ್ಳಿ. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾರೆ, ತಳ ಕಂಡರೆ ಅಂಗಡಿಗೆ ಕಳಿಸುತ್ತಾರೆ, ಖರ್ಚು ಬಿಗಿ ಮಾಡುತ್ತಾರೆ. ಡಬ್ಬಿ ತುಂಬಿದ್ದರೆ ಸುಮ್ನೆ ಇರುತ್ತಾರೆ. ಎಎಂಪಿಕೆ ಮಾಡುವುದು ಅದನ್ನೇ. ಅದರ ಗಾಮಾ ಭಾಗದಲ್ಲಿ ಸಣ್ಣ ಜೇಬುಗಳಿವೆ. ಶಕ್ತಿ ಇದ್ದಾಗ ಅಲ್ಲಿ ಎಟಿಪಿ ಬಂದು ಕೂರುತ್ತದೆ, ಕಿಣ್ವ ತಣ್ಣಗಿರುತ್ತದೆ. ಶಕ್ತಿ ಖರ್ಚಾದಾಗ ಎಎಂಪಿ, ಅಂದರೆ ಎಟಿಪಿ ಖರ್ಚಾಗಿ ಉಳಿದ ಚೂರು, ಬಂದು ಕೂರುತ್ತದೆ, ಕಿಣ್ವ ಎದ್ದು ಸಕ್ಕರೆಯನ್ನೂ ಕೊಬ್ಬನ್ನೂ ಒಳಗೆ ಕರೆಸಿಕೊಳ್ಳುತ್ತದೆ. ಈ ಕುಟುಂಬಗಳಲ್ಲಿ ಬದಲಾದ ಮಣಿ ಇರುವುದು ಇದೇ ಜೇಬುಗಳ ಭಾಗದಲ್ಲಿ. ಅಂದರೆ ಡಬ್ಬಿ ನೋಡುವ ಕಣ್ಣಿಗೇ ತೊಂದರೆ.

ಅದೇ 2001ರಲ್ಲಿ ಆಕ್ಸ್‌ಫರ್ಡ್‌ನ ಹ್ಯೂ ವಾಟ್ಕಿನ್ಸ್ ಅವರ ಗುಂಪೂ ಬೇರೆ ಕುಟುಂಬಗಳಲ್ಲಿ ಇದೇ ಜೀನ್‌ನ ದೋಷಗಳನ್ನು ಕಂಡಿತು. ಅವರ ಅರ್ಥವಿವರಣೆ ಹೀಗಿತ್ತು: ಎಚ್‌ಸಿಎಂನಲ್ಲಿ ಸ್ನಾಯುವಿನ ಎಳೆ ಕೆಟ್ಟರೆ ಹಾರ್ಟ್ ಶಕ್ತಿಯನ್ನು ಪೋಲು ಮಾಡುತ್ತದೆ, ಇಲ್ಲಿ ಶಕ್ತಿ ನೋಡುವವನೇ ಕೆಟ್ಟಿದ್ದಾನೆ, ಎರಡರಲ್ಲೂ ಕೊನೆಗೆ ಕೊರತೆ ಶಕ್ತಿಯದ್ದೇ, ಆದ್ದರಿಂದ ಎರಡೂ ಒಂದೇ ಕಾಯಿಲೆಯ ಎರಡು ಮುಖ. ತುಂಬ ಒಪ್ಪವಾದ ವಿವರಣೆ. ಮುಂದಿನ ವರ್ಷವೇ ಅದಕ್ಕೆ ಪೆಟ್ಟು ಬಿತ್ತು.

ಸೂಕ್ಷ್ಮದರ್ಶಕದ ಕೆಳಗೆ ಕಂಡಿದ್ದು

2002ರಲ್ಲಿ ಹಾರ್ವರ್ಡ್‌ನ ಸೈಡ್‌ಮನ್ ದಂಪತಿಯ ಲ್ಯಾಬಿನಿಂದ ಮೈಕಲ್ ಅರಾದ್ ಮತ್ತು ಜೊತೆಗಾರರು ಈ ಜೀನ್ ದೋಷ ಇದ್ದವರ ಹಾರ್ಟ್‌ನ ತುಣುಕುಗಳನ್ನು ನೋಡಿದರು. ಎಚ್‌ಸಿಎಂ ಹಾರ್ಟ್ ಸೂಕ್ಷ್ಮದರ್ಶಕದಲ್ಲಿ ಹೇಗಿರುತ್ತದೆ ಅಂದರೆ, ಸಾಲಾಗಿ ಇರಬೇಕಾದ ಸ್ನಾಯು ಕೋಶಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ಮಳೆಗಾಳಿಗೆ ನೆಲಕ್ಕೊರಗಿದ ಭತ್ತದ ಪೈರಿನ ಹಾಗೆ. ಇಲ್ಲಿ ಹಾಗಿರಲಿಲ್ಲ. ಸಾಲುಗಳು ಸರಿಯಾಗಿಯೇ ಇದ್ದವು. ನಡುವೆ ನಾರುಗಟ್ಟಿದ್ದೂ ತೀರ ಕಡಿಮೆ. ಆದರೆ ಕೋಶಗಳು ಊದಿಕೊಂಡಿದ್ದವು, ಒಳಗೆ ಖಾಲಿ ಗುಳ್ಳೆಗಳ ಹಾಗೆ ಕಾಣುವ ಜಾಗಗಳು. ಪರೀಕ್ಷಿಸಿದರೆ ಅವು ಖಾಲಿ ಇರಲಿಲ್ಲ, ಒಳಗೆಲ್ಲ ಗ್ಲೈಕೋಜೆನ್‌ನ ಕಾಳುಗಳು.

ಗ್ಲೈಕೋಜೆನ್ ಅಂದರೆ ಕೋಶ ಕಷ್ಟಕಾಲಕ್ಕೆ ಅಂತ ಕೂಡಿಟ್ಟ ಸಕ್ಕರೆ. ಕೋಶದ ಕಣಜ ಅನ್ನಬಹುದು. ಅಂದರೆ ಈ ಹಾರ್ಟ್ ದಪ್ಪ ಆಗಿದ್ದು ಸ್ನಾಯು ಬಲಿತು ಮಾತ್ರ ಅಲ್ಲ, ಕಣಜ ತುಂಬಿ ಮನೆ ಉಬ್ಬಿದ್ದರಿಂದಲೂ. ಎಕೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ: ಗೋಡೆ ಇಷ್ಟು ಮಿಲಿಮೀಟರ್. ಎಕೋಗೆ ಒಳಗೇನಿದೆ ಅಂತ ಗೊತ್ತಾಗುವುದಿಲ್ಲ. ಆ ಲೇಖನ ನೇರವಾಗಿ ಹೇಳಿತು, ಇದು ಎಚ್‌ಸಿಎಂ ಅಲ್ಲ, ಹಾರ್ಟ್‌ನಲ್ಲಿ ಇಂಧನ ಜಮೆಯಾಗುವ ಬೇರೆಯದೇ ಕಾಯಿಲೆ ಅಂತ. ಕಾಯಿಲೆಯ ಹೆಸರೇ ಬದಲಾಯಿತು. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಘಟ್ಟ ಅನಿಸುವುದು ಇದು, ಯಾಕಂದರೆ ಜೀನ್ ಸಿಕ್ಕ ಮೇಲೂ ಒಂದು ವರ್ಷ ಕಾಯಿಲೆಗೆ ಹಳೇ ಹೆಸರೇ ಇತ್ತು. ಅಕ್ಷರ ಯಾವುದು ಅಂತ ಗೊತ್ತಾದರೂ ಅದು ಹಾರ್ಟ್‌ಗೆ ಏನು ಮಾಡುತ್ತದೆ ಅನ್ನುವುದನ್ನು ಅಂಗಾಂಶ ತೋರಿಸಬೇಕಾಯಿತು.

ಹಾಗಾದರೆ ಇಸಿಜಿಯ ಆ ಇಳಿಜಾರು? ಅದಕ್ಕೆ ಉತ್ತರ ಸಿಕ್ಕಿದ್ದು ಇಲಿಗಳಲ್ಲಿ. 2003ರಲ್ಲಿ ಅದೇ ಗುಂಪು ಇದೇ ಜೀನ್‌ನ ಇನ್ನೊಂದು ದೋಷವನ್ನು, 488ನೇ ಮಣಿ ಬದಲಾಗಿದ್ದನ್ನು, ಇಲಿಗಳ ಹಾರ್ಟ್‌ಗೆ ಸೇರಿಸಿತು. ಆ ಇಲಿಗಳ ಹಾರ್ಟ್‌ನಲ್ಲಿ ಗ್ಲೈಕೋಜೆನ್ 30 ಪಟ್ಟು ಆಯಿತು. ಹಾರ್ಟ್‌ನ ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ನಡುವೆ ನಾರಿನ ಒಂದು ಉಂಗುರ ಇದೆ. ಕರೆಂಟ್ ಅದನ್ನು ದಾಟುವ ಹಾಗಿಲ್ಲ, ಎವಿ ನೋಡ್ ಅನ್ನುವ ಒಂದೇ ಬಾಗಿಲಿನಿಂದ ನಿಧಾನಕ್ಕೆ ಹೋಗಬೇಕು. ಈ ಇಲಿಗಳಲ್ಲಿ ಗ್ಲೈಕೋಜೆನ್ ತುಂಬಿ ಊದಿದ ಸ್ನಾಯು ಕೋಶಗಳು ಆ ಉಂಗುರವನ್ನೇ ಅಲ್ಲಲ್ಲಿ ಸೀಳಿಕೊಂಡು ಆಚೆ ಈಚೆ ಸೇರಿಬಿಟ್ಟಿದ್ದವು. ಮೂಟೆಗಳ ಒತ್ತಡಕ್ಕೆ ಎರಡು ಕೋಣೆಗಳ ನಡುವಿನ ಗೋಡೆ ಬಿರುಕು ಬಿಟ್ಟ ಹಾಗೆ. ಬಿರುಕಿನಲ್ಲಿ ಕರೆಂಟ್ ನುಗ್ಗಿತು, ಇಸಿಜಿಯಲ್ಲಿ ಡೆಲ್ಟಾ ಅಲೆ ಬಂತು. ಇಂಧನದ ಲೆಕ್ಕ ತಪ್ಪಿದ್ದು ಹೋಗಿ ಹೋಗಿ ವೈರಿಂಗ್ ಕೆಡಿಸಿತು.

ಆನ್ ಆಗಿದೆಯೋ ಆಫ್ ಆಗಿದೆಯೋ

ಇಲ್ಲಿಂದ ವಾದ ಜೋರಾಯಿತು. ದೋಷದಿಂದ ಎಎಂಪಿಕೆ ಸದಾ ಎಚ್ಚರವಾಗಿ ಕೂತಿದೆಯೋ, ಇಲ್ಲಾ ನಿದ್ದೆ ಹೋಗಿದೆಯೋ? ಸುಮ್ನೆ ತಾಂತ್ರಿಕ ಜಗಳ ಅಲ್ಲ ಇದು. ಔಷಧ ಕೊಡುವುದಾದರೆ ಕಿಣ್ವವನ್ನು ಎಬ್ಬಿಸುವ ಔಷಧ ಕೊಡಬೇಕೋ ಮಲಗಿಸುವುದು ಕೊಡಬೇಕೋ ಅನ್ನುವ ಪ್ರಶ್ನೆ.

ಅರಾದ್ ಅವರ ಗುಂಪು ಬ್ರೆಡ್ ಉಬ್ಬಿಸುವ ಯೀಸ್ಟ್ ತೆಗೆದುಕೊಂಡಿತ್ತು. ಯೀಸ್ಟ್‌ನಲ್ಲೂ ಇದೇ ಜೀನ್‌ನ ದೂರದ ಸಂಬಂಧಿ ಇದೆ. ಅದರಲ್ಲಿ ಮನುಷ್ಯರ ದೋಷಗಳನ್ನು ಬರೆದು ನೋಡಿದರೆ ಕಿಣ್ವ ಬೇಕಿದ್ದರೂ ಬೇಡದಿದ್ದರೂ ಆನ್. ಸ್ಕಾಟ್ಲೆಂಡಿನ ಡಂಡಿಯ ಗ್ರಹಾಂ ಹಾರ್ಡಿ ಅವರ ಲ್ಯಾಬ್ 2004ರಲ್ಲಿ ತೋರಿಸಿದ್ದು, ಈ ದೋಷಗಳಿಂದ ಜೇಬುಗಳಿಗೆ ಎಎಂಪಿಯೂ ಎಟಿಪಿಯೂ ಸರಿಯಾಗಿ ಅಂಟುವುದಿಲ್ಲ ಅಂತ. 2005ರಲ್ಲಿ ಹ್ಯೂಸ್ಟನ್ ಗುಂಪು 302ನೇ ಮಣಿಯ ದೋಷವನ್ನೇ ಇಲಿಗೆ ಹಾಕಿ ನೋಡಿದರೆ ಎಎಂಪಿಕೆಯ ಕೆಲಸ ಕಡಿಮೆ ಆಗಿತ್ತು! ಒಂದೇ ಜೀನ್, ಒಬ್ಬರಿಗೆ ಆನ್, ಇನ್ನೊಬ್ಬರಿಗೆ ಆಫ್.

ಇದನ್ನು ಬಿಡಿಸಿದ್ದು ಕಾಲ. ಅಂದರೆ ಇಲಿಯ ವಯಸ್ಸು. 400ನೇ ಮಣಿಯ ದೋಷ ಇರುವ ಇಲಿಗಳಲ್ಲಿ ಹುಟ್ಟಿದ ಹೊಸದರಲ್ಲಿ ನೋಡಿದರೆ ಕಿಣ್ವ ಜೋರಾಗಿ ಓಡುತ್ತಿರುತ್ತದೆ, ಕೆಲವು ವಾರ ಬಿಟ್ಟು ನೋಡಿದರೆ ಇಳಿದಿರುತ್ತದೆ. ಎಎಂಪಿಕೆಯ ಇನ್ನೊಂದು ಭಾಗ ಗ್ಲೈಕೋಜೆನ್‌ಗೆ ಅಂಟಿಕೊಳ್ಳಬಲ್ಲದು, ಗ್ಲೈಕೋಜೆನ್ ಅದನ್ನು ತಣ್ಣಗೆ ಮಾಡಬಲ್ಲದು. ಹಾಗಾಗಿ ಕಣಜ ತುಂಬಿದ ಮೇಲೆ ಕಿಣ್ವ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ. ಮೂಲ ತಪ್ಪು ಆನ್ ಆಗಿದ್ದು, ತಡವಾಗಿ ಬಂದು ನೋಡಿದವರಿಗೆ ಕಂಡಿದ್ದು ಅದರ ಪರಿಣಾಮ. ಕಾಯಿಲೆಯ ಹಾರ್ಟ್‌ನಿಂದ ಒಂದು ಚೂರು ತೆಗೆದು ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ಎಲ್ಲರೂ ನೆನಪಿಡಬೇಕಾದ ಮಾತು ಇದು ಅಂತ ನನಗೆ ತುಂಬಾ ಅನಿಸುತ್ತದೆ: ಆ ಚೂರು ಆ ದಿನದ ಫೋಟೋ. ಹಿಂದಿನ ಹತ್ತು ವರ್ಷ ಏನಾಯಿತು ಅಂತ ಅದೊಂದೇ ಹೇಳಲಾರದು.

ಇನ್ನೊಂದು ಗಂಟು ಉಳಿದಿತ್ತು. ಪಠ್ಯಪುಸ್ತಕದ ಪ್ರಕಾರ ಎಎಂಪಿಕೆ ಎದ್ದರೆ ಗ್ಲೈಕೋಜೆನ್ ಕಟ್ಟುವ ಕಿಣ್ವವನ್ನು ಅದು ತಡೆಯುತ್ತದೆ. ಶಕ್ತಿ ಇಲ್ಲದಾಗ ಕೂಡಿಡುವುದು ಯಾಕೆ, ಸರಿಯಾದ ಮಾತೇ. ಹಾಗಾದರೆ ಎಎಂಪಿಕೆ ಸದಾ ಆನ್ ಇರುವ ಹಾರ್ಟ್‌ನಲ್ಲಿ ಗ್ಲೈಕೋಜೆನ್ ಕರಗಬೇಕು, ತುಂಬಿದ್ದು ಹೇಗೆ? ಇದಕ್ಕೆ ಜೀನ್ ಓದಿದರೂ ಉತ್ತರ ಇಲ್ಲ, ಕೆಲಸ ಮಾಡುತ್ತಿರುವ ಜೀನ್‌ನಿಂದ ಹೊರಡುವ ನಕಲುಗಳನ್ನು, ಅಂದರೆ ಆರ್‌ಎನ್‌ಎಯನ್ನು, ಎಣಿಸಿದರೂ ಇಲ್ಲ. ಸಕ್ಕರೆ ಒಳಗೆ ಬಂದು ಎಲ್ಲಿಗೆ ಹೋಯಿತು ಅಂತ ಹಿಂಬಾಲಿಸಿಯೇ ನೋಡಬೇಕು. ರಾಂಗ್ ಟಿಯಾನ್ ಅವರ ಗುಂಪು 2007ರಲ್ಲಿ ಆ ಕೆಲಸ ಮಾಡಿತು. 488ರ ದೋಷ ಇರುವ ಇಲಿಗಳ ಹಾರ್ಟ್‌ನಲ್ಲಿ ಸಕ್ಕರೆ ಒಳಬರುವುದೂ ಜಾಸ್ತಿ, ಕೊಬ್ಬು ಉರಿಯುವುದೂ ಜಾಸ್ತಿ. ಎರಡೂ ಒಟ್ಟಿಗೆ! ಎಟಿಪಿ ಬೇಕಾದಷ್ಟು ಕೊಬ್ಬಿನಿಂದಲೇ ಬಂದುಬಿಟ್ಟರೆ ಒಳಗೆ ಬಂದ ಸಕ್ಕರೆಗೆ ಕೆಲಸ ಇಲ್ಲ, ಅದು ಕಣಜಕ್ಕೆ ಹೋಗುತ್ತದೆ. ಆಮೇಲಿನ ಕೆಲಸಗಳಿಂದ ಇನ್ನೂ ಒಂದು ವಿಷಯ ಬಿಡಿಸಿಕೊಂಡಿತು. ಕೋಶದೊಳಗೆ ಬಂದ ಸಕ್ಕರೆ ಗ್ಲೂಕೋಸ್-6-ಫಾಸ್ಫೇಟ್ ಆಗುತ್ತದೆ, ಅದು ಜಾಸ್ತಿಯಾದರೆ ಗ್ಲೈಕೋಜೆನ್ ಕಟ್ಟುವ ಕಿಣ್ವವನ್ನು ತಾನೇ ಎಬ್ಬಿಸುತ್ತದೆ. ಎಎಂಪಿಕೆ ಹಾಕಿದ ತಡೆಯನ್ನೂ ಮೀರಿಸಿ ಎಬ್ಬಿಸುತ್ತದೆ. ಡಬ್ಬಿ ಖಾಲಿ ಅಂತ ತಪ್ಪು ತಿಳಿದ ಮನೆಗೆ ದಿನಾ ಅಕ್ಕಿ ಮೂಟೆ ಬರುತ್ತಿದೆ, ಅಡುಗೆ ಆಗುತ್ತಿರುವುದು ಬೇರೆ ಧಾನ್ಯದ್ದು, ಮೂಟೆಗಳು ಹಜಾರದಲ್ಲಿ ಪೇರುತ್ತಿವೆ.

ಅದೇ ಗುಂಪು 2014ರಲ್ಲಿ ಮಾಡಿದ ಪ್ರಯೋಗ ನನಗೆ ಎಲ್ಲಕ್ಕಿಂತ ಮೆಚ್ಚುಗೆ. ಗ್ಲೈಕೋಜೆನ್ ಕಟ್ಟುವ ಕಿಣ್ವದ ಜೀನ್ ತಿದ್ದಿ ಅದರ ಒಂದು ಮಣಿ ಬದಲಿಸಿ, ಗ್ಲೂಕೋಸ್-6-ಫಾಸ್ಫೇಟ್‌ನ ಮಾತು ಕೇಳದ ಹಾಗೆ ಮಾಡಿದ ಇಲಿಗಳನ್ನು ಈ ಕಾಯಿಲೆಯ ಇಲಿಗಳ ಜೊತೆ ಕೂಡಿಸಿದರು. ಮರಿಗಳಲ್ಲಿ ಎಎಂಪಿಕೆ ದೋಷ ಹಾಗೇ ಇದೆ, ಗ್ಲೈಕೋಜೆನ್ ಮಾತ್ರ ತುಂಬುವುದಿಲ್ಲ. ಏನಾಯಿತು? ಇಸಿಜಿ ಸರಿಹೋಯಿತು, ಇಳಿಜಾರು ಮಾಯ. ಆದರೆ ಹಾರ್ಟ್ ಮಾತ್ರ ದಪ್ಪಗೇ ಇತ್ತು. ಅಂದರೆ ವೈರಿಂಗ್ ಕೆಟ್ಟಿದ್ದಕ್ಕೆ ಕಾರಣ ಗ್ಲೈಕೋಜೆನ್, ಗೋಡೆ ಬೆಳೆಯುವುದಕ್ಕೆ ಕಾರಣ ಬೇರೆಯೂ ಇದೆ, ಕೋಶದ ಬೆಳವಣಿಗೆಗೆ ಹೇಳುವ ಎಂಟಾರ್ ಅನ್ನುವ ಇನ್ನೊಂದು ದಾರಿ. ಒಂದೇ ಕಾಯಿಲೆ ಅಂದುಕೊಂಡಿದ್ದು ಎರಡು ಎಳೆಗಳಾಗಿ ಬಿಚ್ಚಿಕೊಂಡಿತು. ಜೀನ್ ಬದಲಿಸುವ ತಂತ್ರ ಇಲ್ಲದೆ ಇದನ್ನು ಬೇರೆ ಮಾಡಿ ನೋಡುವುದು ಸಾಧ್ಯವೇ ಇರಲಿಲ್ಲ.

ಇಲಿಯಿಂದ ಮನುಷ್ಯರ ಕೋಶಕ್ಕೆ

ಇಲಿಯ ಹಾರ್ಟ್ ನಿಮಿಷಕ್ಕೆ ಐನೂರು ಆರುನೂರು ಸಲ ಬಡಿಯುತ್ತದೆ, ನಮ್ಮದು ಎಪ್ಪತ್ತು ಎಂಬತ್ತು. ಇಂಧನದ ವಿಷಯದಲ್ಲಿ ಇಲಿಯನ್ನು ಪೂರ್ತಿ ನಂಬುವುದಕ್ಕಾಗದು. 2016ರಲ್ಲಿ ಹಾರ್ವರ್ಡ್‌ನವರು, ಹಿನ್ಸನ್ ಮೊದಲಾದವರು, ಮನುಷ್ಯರ ಕಾಂಡಕೋಶಗಳಿಂದ ಈ ದೋಷ ಇರುವ ಹಾರ್ಟ್ ಸ್ನಾಯುವನ್ನು ಲ್ಯಾಬಿನಲ್ಲಿ ಬೆಳೆಸಿದರು. ತಟ್ಟೆಯಲ್ಲಿ ಮಿಡಿಯುವ, ಎಳೆದರೆ ಎಷ್ಟು ಬಲದಿಂದ ಹಿಂಡುತ್ತದೆ ಅಂತ ಅಳೆಯಬಹುದಾದ ಸಣ್ಣ ಸಣ್ಣ ಸ್ನಾಯು ತುಣುಕುಗಳು. ಅದರ ಮೇಲೆ ಎರಡು ಅಳತೆ ಒಟ್ಟಿಗೆ: ಯಾವ ಜೀನ್‌ಗಳ ಆರ್‌ಎನ್‌ಎ ಎಷ್ಟು ಇದೆ ಅನ್ನುವುದು ಒಂದು, ಕೋಶದೊಳಗಿನ ಸಣ್ಣ ರಾಸಾಯನಿಕಗಳು ಯಾವುವು ಎಷ್ಟಿವೆ ಅನ್ನುವುದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚಿತ್ರ ಹೊಂದಿತು. ಗ್ಲೈಕೋಜೆನ್ ಕೂಡಿಡುವ ದಾರಿ ಮತ್ತು ಆಮ್ಲಜನಕ ಬಳಸಿ ಇಂಧನ ಉರಿಸುವ ದಾರಿ ಎರಡೂ ಮೇಲೆ, ಸಕ್ಕರೆಯನ್ನು ನೇರವಾಗಿ ಒಡೆಯುವ ದಾರಿ ಕೆಳಗೆ. ಜೊತೆಗೆ ಈ ಕೋಶಗಳು ಜಾಸ್ತಿ ಉಳಿದುಕೊಳ್ಳುತ್ತಿದ್ದವು, ನಾರುಗಟ್ಟುವ ಸಂಕೇತ ಕಡಿಮೆ ಇತ್ತು. 2002ರಲ್ಲಿ ಸೂಕ್ಷ್ಮದರ್ಶಕದಲ್ಲಿ "ನಾರು ಕಡಿಮೆ ಇದೆಯಲ್ಲ" ಅಂತ ಗಮನಿಸಿದ ಸಣ್ಣ ವಿಷಯಕ್ಕೆ 14 ವರ್ಷದ ನಂತರ ಕಾರಣ ಸಿಕ್ಕಿತು.

ಈ ಅಕ್ಷರ ಹಾರ್ಟ್‌ನಲ್ಲಿ ಮಾತ್ರ ಇರುವುದಲ್ಲ, ಮೈಯ ಪ್ರತಿ ಕೋಶದಲ್ಲೂ ಇದೆ. ಅದೇ 2016ರಲ್ಲಿ ಆಕ್ಸ್‌ಫರ್ಡ್ ಗುಂಪು 302ರ ದೋಷಕ್ಕೆ ಸರಿಸಮನಾದ ದೋಷವನ್ನು ಇಲಿಯ ಸ್ವಂತ ಜೀನ್‌ನಲ್ಲೇ ಬರೆದು ನೋಡಿತು. ಆ ಇಲಿಗಳಿಗೆ ಹಸಿವು ಜಾಸ್ತಿ, ಬೊಜ್ಜು ಬಂತು, ಇನ್ಸುಲಿನ್ ಬಿಡುಗಡೆ ಕಡಿಮೆ ಆಯಿತು. ಇದೇ ದೋಷ ಇರುವ ಮನುಷ್ಯರಲ್ಲೂ ಅದೇ ರೀತಿ ಕಂಡಿತು. ಮೆದುಳಿನಲ್ಲೂ ಡಬ್ಬಿ ಖಾಲಿ ಅನ್ನುವ ತಪ್ಪು ಲೆಕ್ಕವೇ.

ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಇರುವ ನಮ್ಮಂಥವರಿಗೆ ಇದರಿಂದ ಬರುವ ಒಂದು ವಿಷಯ ಗೊತ್ತಿರಬೇಕು. ಎಎಂಪಿಕೆಯನ್ನು ಎಬ್ಬಿಸಿದರೆ ರಕ್ತದ ಸಕ್ಕರೆ ಇಳಿಯುತ್ತದೆ, ಆದ್ದರಿಂದ ಅದನ್ನು ಎಬ್ಬಿಸುವ ಔಷಧ ಮಾಡಬೇಕು ಅಂತ ಕಂಪನಿಗಳು ಎಷ್ಟೋ ವರ್ಷದಿಂದ ಪ್ರಯತ್ನದಲ್ಲಿದ್ದವು. 2017ರಲ್ಲಿ ಮರ್ಕ್ ಕಂಪನಿಯ ವಿಜ್ಞಾನಿಗಳು ಎಂಕೆ-8722 ಅನ್ನುವ ಅಂಥ ಒಂದು ಔಷಧದ ಫಲಿತಾಂಶ ಪ್ರಕಟಿಸಿದರು. ಇಲಿಗಳಲ್ಲೂ ಕೋತಿಗಳಲ್ಲೂ ಸಕ್ಕರೆ ಚೆನ್ನಾಗಿ ಇಳಿಯಿತು. ಜೊತೆಗೆ ಹಾರ್ಟ್ ದಪ್ಪ ಆಯಿತು, ಹಾರ್ಟ್‌ನ ಗ್ಲೈಕೋಜೆನ್ ಏರಿತು. ಹಾರ್ಟ್‌ನ ಕೆಲಸಕ್ಕೆ ಆಗ ತೊಂದರೆ ಕಾಣಲಿಲ್ಲ, ನಿಜ. ಆದರೂ ಹ್ಯೂಸ್ಟನ್‌ನ ಎರಡು ಕುಟುಂಬಗಳ ಎಕೋದಲ್ಲಿ ಕಂಡಿದ್ದ ದಪ್ಪ ಗೋಡೆಯೇ ಔಷಧದ ಪರೀಕ್ಷೆಯಲ್ಲೂ ಬಂದು ನಿಂತಿತ್ತು. ಅಪರೂಪದ ಕಾಯಿಲೆಗೆ ಇಷ್ಟು ಹಣ, ಇಷ್ಟು ಸಮಯ ಯಾಕೆ ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಆಸ್ಪತ್ರೆಯಲ್ಲಿ ಏನು ಬದಲಾಯಿತು

2005ರಲ್ಲಿ ಅರಾದ್ ಮತ್ತು ಸೈಡ್‌ಮನ್ ಗುಂಪು ಎಚ್‌ಸಿಎಂ ಅಂತ ಹೆಸರು ಬರೆಸಿಕೊಂಡಿದ್ದವರ ಜೀನ್‌ಗಳನ್ನು ಓದಿತು. ಗೋಡೆ 30 ಮಿಲಿಮೀಟರ್ ಅಥವಾ ಅದಕ್ಕೂ ದಪ್ಪ ಇದ್ದು ಇಸಿಜಿಯಲ್ಲಿ ಇಂಥ ಗುರುತು ಇಲ್ಲದ 20 ಜನರಲ್ಲಿ ಒಬ್ಬರಿಗೂ ಈ ದೋಷ ಇರಲಿಲ್ಲ. ಗೋಡೆ ದಪ್ಪ ಇದ್ದು ಇಸಿಜಿಯಲ್ಲಿ ಆ ಇಳಿಜಾರಿನ ಗುರುತೂ ಇದ್ದ 24 ಜನರಲ್ಲಿ 7 ಜನಕ್ಕೆ ಪಿಆರ್‌ಕೆಎಜಿ2 ದೋಷ, 4 ಜನಕ್ಕೆ ಲ್ಯಾಂಪ್2 ಅನ್ನುವ ಇನ್ನೊಂದು ಜೀನ್‌ನ ದೋಷ. ಲ್ಯಾಂಪ್2 ದೋಷದಿಂದ ಬರುವುದು ಡಾನನ್ ಕಾಯಿಲೆ, ಅದರಲ್ಲೂ ಕೋಶದೊಳಗೆ ಗ್ಲೈಕೋಜೆನ್ ಜಮೆಯಾಗುತ್ತದೆ, ಗಂಡುಮಕ್ಕಳಲ್ಲಿ ಬೇಗ ಕೆಡುತ್ತದೆ. ಎಷ್ಟು ದಪ್ಪ ಅನ್ನುವುದಕ್ಕಿಂತ ಕಾಗದದ ಮೇಲಿನ ಆ ಗೆರೆ ಜಾಸ್ತಿ ಹೇಳಿತು.

ಅದೇ ವರ್ಷ ಇನ್ನೊಂದು ಹಳೇ ತಪ್ಪೂ ಸರಿಹೋಯಿತು. ಹುಟ್ಟುವಾಗಲೇ ಹಾರ್ಟ್‌ನಲ್ಲಿ ಗ್ಲೈಕೋಜೆನ್ ತುಂಬಿಕೊಂಡು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿದ್ದ ಶಿಶುಗಳಿಗೆ ಫಾಸ್ಫೊರಿಲೇಸ್ ಕೈನೇಸ್ ಅನ್ನುವ ಕಿಣ್ವದ ಕೊರತೆ ಅಂತ ಹೇಳಲಾಗಿತ್ತು. ಜೀನ್ ಓದಿ ನೋಡಿದರೆ ಆ ಕಿಣ್ವದ ಜೀನ್‌ಗಳೆಲ್ಲ ಸರಿಯಾಗಿದ್ದವು. ಪಿಆರ್‌ಕೆಎಜಿ2ರ 531ನೇ ಮಣಿ ಬದಲಾಗಿತ್ತು. ಕಿಣ್ವ ಕಡಿಮೆ ಕಂಡಿದ್ದು ಪರಿಣಾಮ, ಕಾರಣ ಅಲ್ಲ.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ವಿಶೇಷ ಎಚ್ಚರ ಬೇಕು. ದಕ್ಷಿಣ ಏಷ್ಯಾದವರಲ್ಲಿ ಸುಮಾರು ನೂರಕ್ಕೆ 4 ಜನರಿಗೆ ಎಂವೈಬಿಪಿಸಿ3 ಅನ್ನುವ ಸ್ನಾಯುವಿನ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗಿರುತ್ತವೆ ಅಂತ 2009ರಲ್ಲಿ ಧಂಡಪಾಣಿ ಪೆರುಂದುರೈ ಮತ್ತು ಜೊತೆಗಾರರು ತೋರಿಸಿದರು. ಅವರ ಲ್ಯಾಬ್ ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ನಡೆಯಿತು. ಆ ದೋಷ ಹಾರ್ಟ್ ಕಾಯಿಲೆಯ ಸಾಧ್ಯತೆ ಹೆಚ್ಚಿಸುವುದು ನಿಜ. ಆದರೆ ಇಷ್ಟು ಸಾಮಾನ್ಯವಾದದ್ದು ಯಾರ ವರದಿಯಲ್ಲಿ ಬೇಕಾದರೂ ಕಾಣಿಸಬಹುದು. ಗೋಡೆ ದಪ್ಪ ಇರುವ ಒಬ್ಬರ ಜೀನ್ ವರದಿಯಲ್ಲಿ ಅದು ಕಂಡ ಕೂಡಲೇ ಉತ್ತರ ಸಿಕ್ಕಿತು ಅಂತ ಫೈಲ್ ಮುಚ್ಚಿಬಿಟ್ಟರೆ, ಪಕ್ಕದಲ್ಲೇ ಇರಬಹುದಾದ ಪಿಆರ್‌ಕೆಎಜಿ2 ತಪ್ಪಿಹೋಗುತ್ತದೆ. ನಾಡಿ ನಿಧಾನ, ಇಸಿಜಿಯಲ್ಲಿ ಅಂತರ ಕಡಿಮೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಪೇಸ್‌ಮೇಕರ್ ಹಾಕಿಸಿಕೊಂಡವರು ಇದ್ದಾರೆ ಅಂದರೆ ಓದಿದ ಜೀನ್‌ಗಳ ಪಟ್ಟಿಯಲ್ಲಿ ಪಿಆರ್‌ಕೆಎಜಿ2 ಇದೆಯಾ ಅಂತ ಡಾಕ್ಟರನ್ನು ಕೇಳಬೇಕು.

ಕೇಳಿದರೆ ಚಿಕಿತ್ಸೆಯಲ್ಲೂ ವ್ಯತ್ಯಾಸ ಆಗುತ್ತದೆ. ಡಬ್ಲ್ಯುಪಿಡಬ್ಲ್ಯು ಅಂತ ಕಂಡ ಕೂಡಲೇ ಎಳೆ ಸುಡುವುದಕ್ಕೆ ಹೊರಟರೆ ಇವರಲ್ಲಿ ಅನೇಕ ಸಲ ಸುಡಬೇಕಾದ ಒಂದೇ ಎಳೆ ಅಂತ ಇರುವುದಿಲ್ಲ. ಇವರಲ್ಲಿ ಮುಂದೆ ಬರುವ ದೊಡ್ಡ ತೊಂದರೆ ಕರೆಂಟ್ ಪೂರ್ತಿ ನಿಲ್ಲುವುದು, ಅದಕ್ಕೆ ಬೇಕಾಗುವುದು ಪೇಸ್‌ಮೇಕರ್. ಕೆಲವರಿಗೆ ಹಾರ್ಟ್ ಬದಲಿಸುವವರೆಗೂ ಹೋಗುತ್ತದೆ.

ಅಕ್ಷರವನ್ನೇ ತೆಗೆದುಹಾಕುವ ಪ್ರಯತ್ನವೂ ನಡೆದಿದೆ. 2016ರಲ್ಲಿ ಚೀನಾದ ಗುಂಪೊಂದು 530ನೇ ಮಣಿಯ ದೋಷ ಇರುವ ಇಲಿಗಳಿಗೆ ಹಾರ್ಟ್‌ನತ್ತ ಹೋಗುವ ಎಎವಿ9 ವೈರಸ್‌ನಲ್ಲಿ ಕ್ರಿಸ್ಪರ್ ಅನ್ನುವ, ಡಿಎನ್‌ಎ ಕತ್ತರಿಸುವ ಕತ್ತರಿ ಇಟ್ಟು ಒಂದೇ ಚುಚ್ಚುಮದ್ದು ಕೊಟ್ಟಿತು. ತಂದೆಯಿಂದ ಒಂದು, ತಾಯಿಯಿಂದ ಒಂದು ಅಂತ ಪ್ರತಿ ಜೀನ್‌ನ ಎರಡು ಪ್ರತಿ ಇರುತ್ತವಲ್ಲ, ಅದರಲ್ಲಿ ಕೆಟ್ಟಿದ್ದನ್ನು ಮಾತ್ರ ಕತ್ತರಿಸಿ ಒಳ್ಳೆಯದನ್ನು ಬಿಡುವ ಹಾಗೆ ಕತ್ತರಿಯನ್ನು ಗುರಿ ಇಟ್ಟಿದ್ದರು. ಎರಡಕ್ಕೂ ವ್ಯತ್ಯಾಸ ಒಂದೇ ಅಕ್ಷರ. ಹುಟ್ಟಿ 4 ದಿನಕ್ಕೆ ಕೊಟ್ಟ ಇಲಿಗಳಲ್ಲೂ, 42 ದಿನಕ್ಕೆ ಕೊಟ್ಟ ಇಲಿಗಳಲ್ಲೂ ಗೋಡೆ ತೆಳುವಾಯಿತು, ಗ್ಲೈಕೋಜೆನ್ ಇಳಿಯಿತು, ಹಾರ್ಟ್‌ನ ಕೆಲಸ ಸುಧಾರಿಸಿತು.

ಇವತ್ತು ಇಂಥ ಮನೆಯಲ್ಲಿ ಒಂದು ಮಗು ಹುಟ್ಟಿದರೆ ಅದಕ್ಕೆ ಆ ಅಕ್ಷರ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಮನೆಯವರ ದೋಷ ಯಾವುದು ಅಂತ ಮೊದಲೇ ಗೊತ್ತಿದ್ದರೆ ಮಗುವಿನ ಇಡೀ ಡಿಎನ್‌ಎ ಓದಬೇಕಿಲ್ಲ, ಆ ಒಂದು ಜಾಗ ನೋಡಿದರೆ ಸಾಕು. ಜಿ ಇದ್ದರೆ ಈ ದೋಷಕ್ಕಾಗಿ ಮಗುವನ್ನು ವರ್ಷ ವರ್ಷ ಎಕೋಗೆ ಕರೆದುಕೊಂಡು ಹೋಗುವುದು ತಪ್ಪುತ್ತದೆ. ಎ ಇದ್ದರೆ ಎದೆ ಡವಡವ ಅನ್ನುವುದಕ್ಕೆ ಮುಂಚೆಯೇ ಇಸಿಜಿ ಶುರುವಾಗುತ್ತದೆ, ಆ ಗುಲಾಬಿ ಕಾಗದದ ಮೇಲೆ ಮೂರು ಚೌಕ ಇದೆಯಾ ಅಂತ ಪ್ರತಿ ಸಲ ಎಣಿಸಿ ನೋಡುತ್ತಾರೆ.